ಆ ದಿಬ್ಬವನ್ನು ಮಟ್ಟ ಮಾಡುವ ಮೊದಲು ಒಮ್ಮೆ ನಡೆದು ನೋಡಿ

ಮಾನ್ಯ ನಗರಸಭೆ ಅಧ್ಯಕ್ಷರೇ,

ನಮಸ್ಕಾರ. ನದಿ ಪಕ್ಕದ ಕಾಲುದಾರಿಯನ್ನು ಅಗಲ ಮಾಡಿಸುತ್ತೀರಿ, ಅದಕ್ಕಾಗಿ ಅಲ್ಲಿರುವ ಹಳೆಯ ಕಸದ ದಿಬ್ಬವನ್ನು ಯಂತ್ರ ತಂದು ಮಟ್ಟ ಮಾಡಿಸುತ್ತೀರಿ ಎಂದು ತಿಳಿಯಿತು. ದಾರಿ ಅಗಲವಾಗಲಿ, ನನ್ನ ತಕರಾರೇನೂ ಇಲ್ಲ. ವಯಸ್ಸಾದವರಿಗೆ, ಮಕ್ಕಳ ಗಾಡಿ ತಳ್ಳಿಕೊಂಡು ಬರುವವರಿಗೆ ಅದು ಬೇಕೇ ಬೇಕು. ನಾನು ಕೇಳುತ್ತಿರುವುದು ಸ್ವಲ್ಪ ಸಮಯ ಮಾತ್ರ.

ಎಂಟು ವರ್ಷದಿಂದ ಬೆಳಿಗ್ಗೆ ಅದೇ ದಾರಿಯಲ್ಲಿ ವಾಕಿಂಗ್ ಮಾಡುತ್ತೇನೆ. ಮಳೆ ಬಂದು ನಿಂತ ಮರುದಿನ ದಿಬ್ಬದ ಮಣ್ಣು ಸ್ವಲ್ಪ ಜಾರಿರುತ್ತದೆ. ಒಳಗಿದ್ದದ್ದು ಹೊರಗೆ ಇಣುಕುತ್ತದೆ. ಹೋದ ವಾರ ಹಾಗೇ ಒಂದು ಪುಟ್ಟ ಬಾಟಲಿ ಸಿಕ್ಕಿತು. ಹೆಬ್ಬೆರಳಿಗಿಂತ ತುಸು ಉದ್ದ. ತೊಳೆದು ಬೆಳಕಿಗೆ ಹಿಡಿದೆ. ಗಾಜಿನೊಳಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಎರಡೂ ಬದಿಗೆ ಅಚ್ಚಿನ ಗೆರೆ ಇದೆ, ಆದರೆ ಕತ್ತಿನ ಹತ್ತಿರ ಬಂದು ಮಾಯವಾಗಿದೆ. ಬಾಯಿಯ ಅಂಚು ಒಂದು ಕಡೆ ವಾಲಿದೆ. ಅಂದರೆ ಗಾಜನ್ನು ಅಚ್ಚಿನೊಳಗೆ ಊದಿ, ಬಾಯಿಯನ್ನು ಮಾತ್ರ ಯಾರೋ ಕೈಯಲ್ಲೇ ತಿದ್ದಿದ್ದಾರೆ. ಆ ವಾಲಿದ ಅಂಚಿನ ಮೇಲೆ ಬೆರಳಾಡಿಸಿದಾಗ ಆ ಕೆಲಸಗಾರರ ಕೈ ಮುಟ್ಟಿದ ಹಾಗಾಯಿತು.

ಬಾಟಲಿಯನ್ನು ಪೂರ್ತಿಯಾಗಿ ಯಂತ್ರವೇ ಮಾಡುವ ವಿಧಾನ ಅಮೆರಿಕದ ಮೈಕೆಲ್ ಓವೆನ್ಸ್ ಕೈಯಲ್ಲಿ ಒಂದು ರೂಪಕ್ಕೆ ಬಂದಿದ್ದು 1903ರ ಹೊತ್ತಿಗೆ. ಅಂಥ ಬಾಟಲಿಯಲ್ಲಿ ಗೆರೆ ಬಾಯಿಯ ಅಂಚಿನ ತನಕ ಹೋಗುತ್ತದೆ. ಕೈಯಲ್ಲಿ ಬಾಯಿ ತಿದ್ದುವ ಕೆಲಸ ಆಮೇಲೂ ಕೆಲವು ವರ್ಷ ನಡೆದಿತ್ತು. ಹಾಗಾಗಿ ಬರೀ ಗೆರೆ ನೋಡಿ ಇಸವಿ ಹೇಳಿಬಿಡಬಾರದು. ಅದರ ಪಕ್ಕದಲ್ಲಿ ಏನಿತ್ತು, ಮೇಲೆ ಏನಿತ್ತು ಅಂತಲೂ ನೋಡಬೇಕು. ನನ್ನ ಕೋರಿಕೆಗೆ ಕಾರಣವೇ ಇದು.

ಅದೇ ದಿಬ್ಬದ ಮೇಲ್ಭಾಗದಲ್ಲಿ ಪಾನೀಯದ ಕ್ಯಾನುಗಳಿಂದ ಕಿತ್ತೆಸೆದ ಅಲ್ಯೂಮಿನಿಯಂ ಉಂಗುರಗಳು ಸಿಗುತ್ತವೆ. ಇವು ಬಳಕೆಗೆ ಬಂದಿದ್ದು 1960ರ ದಶಕದಲ್ಲಿ. ಜನ ಕಿತ್ತು ಕಂಡಲ್ಲಿ ಬಿಸಾಕುತ್ತಿದ್ದರು, ಬರಿಗಾಲಿಗೆ ಚುಚ್ಚುತ್ತಿತ್ತು. 1970ರ ದಶಕದ ನಡುವಿನಲ್ಲಿ ಕ್ಯಾನಿಗೇ ಅಂಟಿಕೊಂಡಿರುವ ನಾಲಿಗೆ ಬಂತು. ಮೇಲೆ ಈ ಉಂಗುರ, ಮೊಳಕಾಲಷ್ಟು ಕೆಳಗೆ ಆ ಬಾಟಲಿ. ಯಾರೂ ಬೇಕಂತ ಜೋಡಿಸಿಟ್ಟಿದ್ದಲ್ಲ, ಎಸೆದ ಹಾಗೇ ಒಂದರ ಮೇಲೊಂದು ಕೂತಿದ್ದು. ಯಂತ್ರ ಒಂದೇ ದಿನ ಅದನ್ನು ಕಲಸಿ ಹಾಕಿದರೆ ಬಾಟಲಿ ಒಡೆಯದೆ ಉಳಿದರೂ ಅದರ ಕಥೆ ಉಳಿಯುವುದಿಲ್ಲ.

ಇದೆಲ್ಲ ಬರೀ ಕಸ ಅಲ್ವಾ ಎಂದು ನಿಮಗೆ ಅನಿಸಬಹುದು. ಹೌದು, ಕಸವೇ. ಅದಕ್ಕೇ ಇದಕ್ಕೆ ಬೆಲೆ. ಬೆಲೆಬಾಳುವ ಸಾಮಾನನ್ನು ಜನ ಜೋಪಾನ ಮಾಡುತ್ತಾರೆ. ದಿನಾ ಬಳಸಿದ್ದನ್ನು ಯಾರೂ ಎತ್ತಿಡುವುದಿಲ್ಲ. 1973ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ವಿಲಿಯಂ ರಾತ್ಜೆ ಎಂಬ ಪುರಾತತ್ವಜ್ಞ, ಮನೆಗಳ ಕಸವನ್ನೇ ಬಿಡಿಸಿ ಅಧ್ಯಯನ ಮಾಡಲು ಶುರು ಮಾಡಿದರು. ಜನ ತಾವು ಏನು ಬಳಸುತ್ತೇವೆ ಎಂದು ಹೇಳಿದ್ದಕ್ಕೂ ಕಸದಲ್ಲಿ ಸಿಕ್ಕಿದ್ದಕ್ಕೂ ಎಷ್ಟೋ ಸಲ ತಾಳೆಯೇ ಆಗಲಿಲ್ಲ.

ನನಗೆ ಸಿಕ್ಕಿದವುಗಳಲ್ಲಿ ಒಂದು ಎನಾಮಲ್ ಲೋಟ ಇದೆ. ತಳದಲ್ಲಿ ತೂತು ಬಿದ್ದಿದೆ, ಅದಕ್ಕೆ ಯಾರೋ ಬೆಸುಗೆ ಹಾಕಿಸಿದ್ದಾರೆ. ಬೆಸುಗೆಯ ಪಕ್ಕದಲ್ಲೇ ಇನ್ನೊಂದು ತೂತು. ಬಹುಶಃ ಆಗ ಎಸೆದಿರಬೇಕು. ಒಂದು ಲೋಟವನ್ನು ಉಳಿಸಿಕೊಳ್ಳಲು ಅಷ್ಟು ಪ್ರಯತ್ನ ಪಟ್ಟ ಆ ಮನೆಯವರನ್ನು ನಾನು ಆಗಾಗ ನೆನೆಯುತ್ತೇನೆ. ಅವರ ಬಗ್ಗೆ ಹೇಳಲು ಆ ತೇಪೆಯೊಂದೇ ಉಳಿದಿದೆ.

ಸುಮ್ನೆ ಹಾಗೇ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಒಡೆದ ಗಾಜಿದೆ, ಕೊಳೆತ ಬ್ಯಾಟರಿಗಳಿವೆ, ಒಮ್ಮೆ ಸೂಜಿಯೂ ಕಂಡಿದೆ. ಅವು ಹೋಗಲೇಬೇಕು. ಆದರೆ ಕೆಲಸ ಶುರು ಮಾಡುವ ಮೊದಲು ಇತಿಹಾಸ ಗೊತ್ತಿರುವ ಯಾರಾದರೂ ಒಬ್ಬರು ಬಂದು ಆ ದಿಬ್ಬವನ್ನು ನೋಡಲಿ. ಯಾವ ಪದರದಲ್ಲಿ ಏನಿದೆ ಎಂದು ಫೋಟೊ ತೆಗೆದು ಬರೆದಿಡಲಿ. ಕೈಗೆ ಗವಸು ಕೊಟ್ಟರೆ ನಾವು ನಡೆಯುವವರೇ ಹತ್ತು ಜನ ಸಹಾಯಕ್ಕೆ ಬರುತ್ತೇವೆ. ಸಿಕ್ಕಿದ್ದರಲ್ಲಿ ಒಂದಷ್ಟನ್ನು ಗ್ರಂಥಾಲಯದ ಒಂದು ಗಾಜಿನ ಕಪಾಟಿನಲ್ಲಿಟ್ಟರೆ ಸಾಕು.

ಮುಂದಕ್ಕೂ ಒಂದು ನಿಯಮ ಬೇಕು. ಮೇಲೆ ಬಿದ್ದಿದ್ದನ್ನು ಎತ್ತಬಹುದು, ಅಗೆಯಬಾರದು, ಸಿಕ್ಕ ಜಾಗವನ್ನು ತಿಳಿಸಬೇಕು. ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಹೀಗೆ ಹುಡುಕುವವರು ಅಲ್ಲಿನ ಬಂದರು ಪ್ರಾಧಿಕಾರದ ಪರವಾನಗಿ ಪಡೆಯಲೇಬೇಕು, 300 ವರ್ಷಕ್ಕಿಂತ ಹಳೆಯ ವಸ್ತು ಸಿಕ್ಕರೆ ತಿಳಿಸಲೇಬೇಕು. ಜನರ ಆಸಕ್ತಿಯನ್ನು ತಡೆಯದೆ ಅದಕ್ಕೊಂದು ದಾರಿ ಮಾಡಿಕೊಟ್ಟಿದ್ದಾರೆ. ನಮ್ಮಲ್ಲಿ ಅಷ್ಟು ದೊಡ್ಡ ವ್ಯವಸ್ಥೆ ಬೇಡ, ಒಂದು ಫಲಕ, ಒಂದು ನೋಂದಣಿ ಪುಸ್ತಕ ಇದ್ದರೂ ಆದೀತು.

ಸಹಿ ಹಾಕುವ ಮೊದಲು ಮಳೆ ನಿಂತ ಮರುದಿನ ಬೆಳಿಗ್ಗೆ ಆರೂವರೆಗೆ ಒಮ್ಮೆ ಬನ್ನಿ. ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಬನ್ನಿ. ಬಾಟಲಿಯನ್ನೂ ಆ ಲೋಟವನ್ನೂ ನಾನು ತಂದಿರುತ್ತೇನೆ.

ಇಂತಿ,
ದಿನಾ ಅದೇ ದಾರಿಯಲ್ಲಿ ನಡೆಯುವ ಒಬ್ಬ ನಾಗರಿಕ