ಆ ಎರಡನೇ ಮಾತ್ರೆ ನಿದ್ದೆಗೋ, ಖಿನ್ನತೆಗೋ?

ಮಾನ್ಯ ಸಂಪಾದಕರೇ,

ಖಿನ್ನತೆಗೆಂದು ಬರೆದ ಚೀಟಿಯಲ್ಲಿ ಬೆಳಗಿನ ಮಾತ್ರೆಯ ಕೆಳಗೆ ರಾತ್ರಿಗೊಂದು ಸಣ್ಣ ಮಾತ್ರೆಯೂ ಇರುವುದು ಈಗ ಸಾಮಾನ್ಯ. ಬೆಳಗಿನದು ಎಸಿಟಾಲೊಪ್ರಾಮ್, ಸರ್ಟ್ರಾಲಿನ್ ಅಥವಾ ಫ್ಲುಒಕ್ಸೆಟಿನ್ ಇರಬಹುದು. ರಾತ್ರಿಯದು ಹಲವು ಸಲ ಕ್ವೆಟಿಯಾಪಿನ್, ಕೆಲವು ಸಲ ಒಲಾಂಜಪಿನ್. ಮನೆಯವರ ಬಾಯಲ್ಲಿ ಅದು 'ನಿದ್ದೆ ಮಾತ್ರೆ' ಆಗಿಬಿಡುತ್ತದೆ. ಅಸಲಿಗೆ ಅದು ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಬಂದ ಆಂಟಿಸೈಕೋಟಿಕ್ ಔಷಧ. ನಿದ್ದೆ ಬರಿಸುವುದು ಅದರ ಅಡ್ಡಪರಿಣಾಮ. ಮೊಬೈಲಿನಲ್ಲಿ ಹೆಸರು ಹುಡುಕಿ, 'ನನ್ನನ್ನು ಹುಚ್ಚರ ಸಾಲಿಗೆ ಸೇರಿಸಿದರೇ' ಎಂದು ಗಾಬರಿಯಾಗಿ ಅರ್ಧಕ್ಕೇ ಬಿಡುವವರಿದ್ದಾರೆ. 'ಬರೀ ನಿದ್ದೆಯದು ತಾನೇ' ಎಂದು ನಿದ್ದೆ ಬಾರದ ಬಂಧುವಿಗೂ ಅರ್ಧ ಮುರಿದು ಕೊಡುವವರಿದ್ದಾರೆ. ಎರಡೂ ತಪ್ಪು. ವೈದ್ಯರನ್ನು ಕೇಳಬೇಕಾದ್ದು ಒಂದೇ ಮಾತು: ಈ ಎರಡನೆಯದು ನಿದ್ದೆಗೋ, ಖಿನ್ನತೆಗೋ? ಎಷ್ಟು ಪ್ರಮಾಣ, ಯಾವ ತಪಾಸಣೆ, ಎಂದು ನಿಲ್ಲಿಸಬೇಕು ಎಂಬುದೆಲ್ಲ ಆ ಉತ್ತರದ ಮೇಲೆ ನಿಂತಿದೆ.

ಕ್ವೆಟಿಯಾಪಿನ್ ಪ್ರಮಾಣಕ್ಕೆ ತಕ್ಕಂತೆ ಬೇರೆ ಬೇರೆ ಔಷಧದಂತೆ ವರ್ತಿಸುತ್ತದೆ. 25ರಿಂದ 100 ಮಿಲಿಗ್ರಾಂವರೆಗೆ ಅದು ಮುಖ್ಯವಾಗಿ ಹಿಸ್ಟಮಿನ್ ಗ್ರಾಹಕಗಳನ್ನು (ಎಚ್ಚರವಾಗಿಡುವ ಆ ರಾಸಾಯನಿಕ ಮಿದುಳಿನಲ್ಲಿ ಬಂದು ಕೂರುವ ತಾಣಗಳನ್ನು) ತಡೆಯುತ್ತದೆ. ನೆಗಡಿಯ ಕೆಲವು ಹಳೆಯ ಮಾತ್ರೆಗಳು ತೂಕಡಿಕೆ ತರುವುದೂ ಇದೇ ದಾರಿಯಲ್ಲಿ. ಪ್ರಮಾಣ ಏರಿದಂತೆ ಸೆರೊಟೋನಿನ್ ಎಂಬ ಇನ್ನೊಂದು ಮಿದುಳು ರಾಸಾಯನಿಕದ ಗ್ರಾಹಕಗಳ ಮೇಲಿನ ಹಿಡಿತ ಬಲವಾಗುತ್ತದೆ. ಡೋಪಮಿನ್ ಎಂಬ ಮತ್ತೊಂದರ ತಡೆ ಸಾಕಷ್ಟು ಆಗಲು ಭ್ರಮೆಗಳ ಕಾಯಿಲೆಯಾದ ಸೈಕೋಸಿಸ್‌ಗೆ ಕೊಡುವ ದೊಡ್ಡ ಪ್ರಮಾಣವೇ ಬೇಕು. ಖಿನ್ನತೆಗೆ ಆಂಟಿಡಿಪ್ರೆಸೆಂಟ್ (ಆ ಬೆಳಗಿನ ಮಾತ್ರೆಯಂಥ ಖಿನ್ನತೆ ತಗ್ಗಿಸುವ ಔಷಧ) ಜೊತೆ ಸೇರಿಸಿ ಕೊಡಲು ಅಮೆರಿಕದ ಔಷಧ ನಿಯಂತ್ರಕರು 2009ರಲ್ಲಿ ಒಪ್ಪಿದ್ದು ನಿಧಾನವಾಗಿ ಬಿಡುಗಡೆಯಾಗುವ ಎಕ್ಸ್‌ಆರ್ ಮಾತ್ರೆಯನ್ನು, ಅದೂ ದಿನಕ್ಕೆ 150ರಿಂದ 300 ಮಿಲಿಗ್ರಾಂ. ಹಾಗಾಗಿ 25 ಮಿಲಿಗ್ರಾಂ ಕೊಟ್ಟು 'ಖಿನ್ನತೆಗೂ ಆಗುತ್ತದೆ' ಎನ್ನುವುದು ಅಳತೆ ಮೀರಿದ ಮಾತು. ಇತ್ತ, ಖಿನ್ನತೆಯಿಲ್ಲದ ಬರೀ ನಿದ್ರಾಹೀನತೆಗೆ ಆಂಟಿಸೈಕೋಟಿಕ್ ಮೊದಲ ಆಯ್ಕೆಯಾಗಬಾರದು ಎಂದು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲೇ ಹೇಳಿದೆ.

ಹಾಗೆಂದು ಈ ಜೋಡಿಯೇ ತಪ್ಪು ಎನ್ನುವಂತಿಲ್ಲ. ಎರಡು ಬೇರೆ ಬೇರೆ ಆಂಟಿಡಿಪ್ರೆಸೆಂಟ್‌ಗಳನ್ನು ಸರಿಯಾದ ಪ್ರಮಾಣದಲ್ಲಿ, ತಲಾ 6ರಿಂದ 8 ವಾರ ತೆಗೆದುಕೊಂಡೂ ಗುಣ ಕಾಣದವರಿಗೆ ಇದು ಪರೀಕ್ಷಿತ ದಾರಿ. ಒಲಾಂಜಪಿನ್–ಫ್ಲುಒಕ್ಸೆಟಿನ್ ಜೋಡಿಗೂ ಇಂಥ ಹಟಮಾರಿ ಖಿನ್ನತೆಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನೊಂದು ಸಂದರ್ಭವೂ ಇದೆ: ಬೆಳಗಿನ ಮಾತ್ರೆ ಕೆಲಸ ಶುರುಮಾಡಲು 2ರಿಂದ 4 ವಾರ ಬೇಕು, ಅಷ್ಟರಲ್ಲಿ ರೋಗಿ ರಾತ್ರಿಯಿಡೀ ಚಡಪಡಿಸಿ ಕುಸಿಯುತ್ತಿರುತ್ತಾರೆ. ಆ ಅವಧಿಗೆ ಊರುಗೋಲಾಗಿ ಸಣ್ಣ ಪ್ರಮಾಣ ಕೊಡುವ ವೈದ್ಯರಿದ್ದಾರೆ. ನಮ್ಮ ತಕರಾರು ಊರುಗೋಲಿನ ಮೇಲಲ್ಲ. ಅದನ್ನು ಎಂದು ತೆಗೆಯಬೇಕೆಂದು ಯಾರೂ ಬರೆದಿಡದೆ, ಆರು ವಾರದ ಮಾತ್ರೆ ಆರು ವರ್ಷವಾಗುವುದರ ಮೇಲೆ.

ಸೇರಿಸುವ ಮೊದಲು ಸರಳವಾದ ಕೆಲವನ್ನು ನೋಡಬೇಕು. ಫ್ಲುಒಕ್ಸೆಟಿನ್, ಸರ್ಟ್ರಾಲಿನ್, ವೆನ್ಲಾಫ್ಯಾಕ್ಸಿನ್ ಹಲವರ ನಿದ್ದೆ ಕೆಡಿಸುತ್ತವೆ. ರಾತ್ರಿ ನುಂಗುತ್ತಿದ್ದರೆ ಬೆಳಿಗ್ಗೆಗೆ ಸರಿಸಿದರೇ ಅರ್ಧ ತೊಂದರೆ ಕಳೆಯಬಹುದು. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಮಂಪರು ತರಿಸುವ ಮಾತ್ರೆ ಅಲ್ಲಿ ಕೇಡು ಮಾಡೀತು. ಹಾಸಿಗೆಯಲ್ಲಿ ಕಾಲು ಅಲ್ಲಾಡಿಸದೆ ಇರಲಾಗದ ತೊಂದರೆಯನ್ನು ಆಂಟಿಡಿಪ್ರೆಸೆಂಟ್, ಆಂಟಿಸೈಕೋಟಿಕ್ ಎರಡೂ ಬಗೆಯ ಔಷಧಗಳು ಹೆಚ್ಚಿಸಬಲ್ಲವು. ಹಿಂದೆಂದಾದರೂ ನಿದ್ದೆಯಿಲ್ಲದೆಯೂ ದಣಿಯದೆ, ಅತಿ ಉತ್ಸಾಹದಲ್ಲಿ ದಿನಗಟ್ಟಲೆ ಓಡಾಡಿದ್ದುಂಟೇ ಎಂದು ಕೇಳಲೇಬೇಕು. ಉಂಟು ಎಂದರೆ ಕಾಯಿಲೆ ಬೈಪೋಲಾರ್ (ಖಿನ್ನತೆ, ಅತಿ ಉತ್ಸಾಹ ಎರಡೂ ಸರದಿಯಲ್ಲಿ ಬರುವುದು) ಇರಬಹುದು, ಚಿಕಿತ್ಸೆಯ ದಾರಿಯೇ ಬದಲು. ಖಿನ್ನತೆ ಮತ್ತು ನಿದ್ದೆ ಎರಡಕ್ಕೂ ಒಂದೇ ಮಾತ್ರೆ ಸಾಕಾಗುವಂತಿದ್ದರೆ ರಾತ್ರಿ 15 ಮಿಲಿಗ್ರಾಂ ಮಿರ್ಟಾಜಪಿನ್ ಯೋಚಿಸಬಹುದಾದ ಆಯ್ಕೆ, ತೂಕ ಅದರಲ್ಲೂ ಏರುತ್ತದೆಂಬ ಎಚ್ಚರದೊಂದಿಗೆ.

ಇನ್ನು ಬಳಕೆಯ ಮಾತು. ಸಾದಾ ಕ್ವೆಟಿಯಾಪಿನ್ ರಕ್ತದಲ್ಲಿ ಸುಮಾರು ಒಂದೂವರೆ ಗಂಟೆಗೆ ತುದಿ ಮುಟ್ಟುತ್ತದೆ, ಎಕ್ಸ್‌ಆರ್ ಸುಮಾರು ಆರು ಗಂಟೆಗೆ. ಎಕ್ಸ್‌ಆರ್ ಮಾತ್ರೆಯನ್ನು ರಾತ್ರಿ ಹನ್ನೊಂದಕ್ಕೆ ನುಂಗಿದವರು ಬೆಳಿಗ್ಗೆ ಹತ್ತಾದರೂ ಮಂಕಾಗಿರುವುದು ಇದರಿಂದಲೇ. ಅದನ್ನು ಸಂಜೆಗೆ ಸರಿಸಬಹುದೇ ಎಂದು ಕೇಳಿ. ಎಕ್ಸ್‌ಆರ್ ಅನ್ನು ಮುರಿಯಬಾರದು, ಜಗಿಯಬಾರದು. ಹೊಟ್ಟೆ ತುಂಬ ಉಂಡು ಅದನ್ನು ತೆಗೆದುಕೊಂಡರೆ ರಕ್ತಕ್ಕೆ ಸೇರುವ ಪ್ರಮಾಣ ಏರುತ್ತದೆ, ಆದ್ದರಿಂದ ಖಾಲಿ ಹೊಟ್ಟೆಯಲ್ಲಿ ಅಥವಾ ಲಘು ಆಹಾರದೊಂದಿಗೆ. ಮೊದಲ ವಾರ ರಾತ್ರಿ ಎದ್ದರೆ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು, ಆಮೇಲೆ ನಿಲ್ಲಿ. ರಕ್ತದೊತ್ತಡ ಥಟ್ಟನೆ ಇಳಿದು ಬಿದ್ದು ಸೊಂಟ ಮುರಿದುಕೊಳ್ಳುವವರು ಹೆಚ್ಚಾಗಿ ವಯಸ್ಸಾದವರು. ಮರೆವಿನ ಕಾಯಿಲೆಯಿರುವ ವೃದ್ಧರಲ್ಲಂತೂ ಆಂಟಿಸೈಕೋಟಿಕ್‌ಗಳು ಸಾವಿನ ಅಪಾಯ ಹೆಚ್ಚಿಸುತ್ತವೆಂಬ ಎಚ್ಚರಿಕೆ 2005ರಿಂದ ಇದೆ. ಅವರಿಗೆ 'ರಾತ್ರಿ ಮಲಗಲಿ' ಎಂದು ಕೊಡುವ ಅಭ್ಯಾಸ ನಿಲ್ಲಬೇಕು.

ಬೇರೆ ಔಷಧಗಳ ಜೊತೆಗಿನ ಜಗಳವನ್ನು ಅಂಗಡಿಯವರೂ ಗಮನಿಸುವುದಿಲ್ಲ. ಕ್ವೆಟಿಯಾಪಿನ್ ಅನ್ನು ಲಿವರ್‌ನ ಒಂದು ಕಿಣ್ವ ಕರಗಿಸುತ್ತದೆ. ಸೋಂಕಿಗೆ ಕೊಡುವ ಕ್ಲಾರಿಥ್ರೊಮೈಸಿನ್, ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್ ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಅದೇ ಮಾತ್ರೆ ಹಲವು ಪಟ್ಟು ಬಲವಾಗುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜಪಿನ್ ಇದ್ದರೆ ತದ್ವಿರುದ್ಧ, ಔಷಧ ಬೇಗ ಖಾಲಿಯಾಗುತ್ತದೆ. ಒಲಾಂಜಪಿನ್‌ದು ಬೇರೆ ಕಿಣ್ವ, ಅದನ್ನು ಸಿಗರೇಟಿನ ಹೊಗೆ ಚುರುಕುಗೊಳಿಸುತ್ತದೆ. ಧೂಮಪಾನ ಬಿಟ್ಟ ಒಂದೆರಡು ವಾರದಲ್ಲಿ ಹಳೆಯ ಪ್ರಮಾಣವೇ ಅತಿಯಾಗಿ ಜೋಂಪು ಹಿಡಿಸೀತು. ಕಾರಣ ಹೊಗೆಯೇ ಹೊರತು ನಿಕೋಟಿನ್ ಅಲ್ಲ, ಹಾಗಾಗಿ ನಿಕೋಟಿನ್ ಪಟ್ಟಿ ಅಂಟಿಸಿಕೊಂಡರೂ ಇದು ತಪ್ಪದು. ಫ್ಲುವೊಕ್ಸಮಿನ್ ಎಂಬ ಆಂಟಿಡಿಪ್ರೆಸೆಂಟ್ ಒಲಾಂಜಪಿನ್ ಮಟ್ಟವನ್ನು ದುಪ್ಪಟ್ಟಿನವರೆಗೂ ಏರಿಸಬಲ್ಲದು. ಸಿಟಾಲೊಪ್ರಾಮ್, ಎಸಿಟಾಲೊಪ್ರಾಮ್ ಜೊತೆಗೆ ಕ್ವೆಟಿಯಾಪಿನ್ ಸೇರಿದಾಗ ಹೃದಯದ ಕ್ಯೂಟಿ ಅವಧಿ (ಪ್ರತಿ ಬಡಿತದಲ್ಲಿ ವಿದ್ಯುತ್ ಚಟುವಟಿಕೆ ಮುಗಿಯಲು ಹಿಡಿಯುವ ಸಮಯ) ಹಿಗ್ಗಿ ಬಡಿತ ತಪ್ಪುವ ಭಯವಿದೆ. ಹೃದ್ರೋಗವಿರುವವರು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ವಾಂತಿ ಭೇದಿಯಿಂದ ಪೊಟ್ಯಾಸಿಯಂ ಇಳಿದವರು ಇಸಿಜಿ ಮಾಡಿಸಿಕೊಳ್ಳಬೇಕು. ಮದ್ಯದ ವಿಷಯ ಹೇಳಬೇಕಾಗಿಲ್ಲ, ಬೇಡವೇ ಬೇಡ.

ಶುರುವಿನಲ್ಲೇ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಕೊಬ್ಬಿನ ಅಂಶ ಬರೆದಿಡಿ. ತೂಕವನ್ನು 4, 8, 12ನೇ ವಾರ ನೋಡಬೇಕು. ಸಕ್ಕರೆ, ಕೊಬ್ಬು, ರಕ್ತದೊತ್ತಡವನ್ನು 12ನೇ ವಾರ, ಆಮೇಲೆ ನಿಯಮಿತವಾಗಿ. ಮೂಲ ತೂಕದ ಶೇ 5ರಷ್ಟು ಏರಿದರೆ, ಅಂದರೆ 60 ಕಿಲೋ ಇದ್ದವರು 63 ಮುಟ್ಟಿದರೆ, ಔಷಧ ಬದಲಿಸುವ ಮಾತು ಅಲ್ಲೇ ಎತ್ತಬೇಕು. ಪ್ರಮಾಣ ಸಣ್ಣದು, ತಪಾಸಣೆ ಯಾಕೆ ಎನ್ನುವವರಿದ್ದಾರೆ. 25 ಮಿಲಿಗ್ರಾಂನಲ್ಲೂ ಹಸಿವು ಕೆರಳುತ್ತದೆ, ಯಾಕೆಂದರೆ ಆ ಕೆಲಸ ಮಾಡುವುದೂ ಅದೇ ಹಿಸ್ಟಮಿನ್ ತಡೆ.

ಮೋಸಹೋಗುವ ಇನ್ನೊಂದು ಜಾಗವಿದೆ. ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಒಳತಳಮಳ ಹೊಸದಾಗಿ ಶುರುವಾದರೆ ಅದು ಆತಂಕವಲ್ಲ, ಔಷಧದ್ದೇ ಅಕತಿಸಿಯಾ ಇರಬಹುದು. ಆತಂಕವೆಂದು ತಿಳಿದು ಪ್ರಮಾಣ ಏರಿಸಿದರೆ ಬೆಂಕಿಗೆ ತುಪ್ಪ. ಜ್ವರ, ಮೈ ಸೆಟೆತ, ಗೊಂದಲ, ವಿಪರೀತ ನಡುಕ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. 25 ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ ಮತ್ತು ಪ್ರಮಾಣ ಬದಲಾದಾಗ ಸಾಯುವ ಯೋಚನೆ ಹೆಚ್ಚಬಹುದು. ಮನೆಯವರು ನೇರವಾಗಿ ಕೇಳಲಿ, ಮಾತ್ರೆಯ ಡಬ್ಬಿ ತಮ್ಮ ಬಳಿ ಇಟ್ಟುಕೊಳ್ಳಲಿ, ಅಂಥ ಮಾತು ಬಂದರೆ ಮುಂದಿನ ಭೇಟಿಯವರೆಗೆ ಕಾಯದಿರಲಿ.

ನಿಲ್ಲಿಸುವಾಗ ಎರಡನ್ನೂ ಒಟ್ಟಿಗೆ ಬಿಡಬಾರದು. ಏನಾದರೂ ಕೆಟ್ಟರೆ ಯಾವುದರಿಂದ ಎಂದೇ ತಿಳಿಯದು. ಮನಸ್ಸು ತಿಳಿಯಾದ ಮೇಲೂ ಆಂಟಿಡಿಪ್ರೆಸೆಂಟ್ ಕನಿಷ್ಠ 6 ತಿಂಗಳು ಮುಂದುವರಿಯಬೇಕು. ನಿದ್ದೆಗೆಂದು ಸೇರಿಸಿದ ಕ್ವೆಟಿಯಾಪಿನ್ ಸಾಮಾನ್ಯವಾಗಿ ಮೊದಲು ಹೊರಡುತ್ತದೆ, ವೈದ್ಯರ ಲೆಕ್ಕದಂತೆ, ವಾರ ಎರಡು ವಾರಕ್ಕೊಮ್ಮೆ 25 ಮಿಲಿಗ್ರಾಂನಂತೆ ಇಳಿಯುತ್ತಾ. ಆ ಹೊತ್ತಿಗೆ ನಿದ್ದೆಯ ಸಿಬಿಟಿ (ಯೋಚನೆ, ಅಭ್ಯಾಸಗಳನ್ನು ತಿದ್ದುವ ಮಾತಿನ ಚಿಕಿತ್ಸೆ) ಕಲಿತಿದ್ದರೆ ಇಳಿಯುವುದು ಸುಲಭ: ಏಳುವ ಸಮಯ ದಿನವೂ ಒಂದೇ, ನಿದ್ದೆ ಒತ್ತಿ ಬಂದಾಗ ಮಾತ್ರ ಹಾಸಿಗೆ, ಇಪ್ಪತ್ತು ನಿಮಿಷವಾದರೂ ಬರದಿದ್ದರೆ ಎದ್ದು ಬೇರೆಡೆ ಕೂರುವುದು. ಪ್ರತಿ ಸಲ ಇಳಿಸಿದಾಗ ಕೆಲವು ರಾತ್ರಿ ನಿದ್ದೆ ಹದಗೆಡುವುದು ಔಷಧ ಬಿಟ್ಟ ಪರಿಣಾಮ. ಅದೇ ವಾರಗಟ್ಟಲೆ ನಸುಕಿನ ಮೂರು ನಾಲ್ಕಕ್ಕೇ ಎಚ್ಚರವಾಗಿ, ಹಗಲಿಡೀ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಖಿನ್ನತೆ ಮರಳುತ್ತಿರಬಹುದು. ಆಗ ಇಳಿಸುವುದನ್ನು ತಡೆದು ವೈದ್ಯರ ಬಳಿ ಹೋಗಬೇಕು.

— ಮನೋವೈದ್ಯಕೀಯ ಮತ್ತು ಔಷಧಶಾಸ್ತ್ರದ ಓದುಗರು