ಅಕ್ಕಿಆಲೂರಿನ ಗೆಳೆಯನಿಗೆ, ಇಸ್ತಾಂಬುಲ್‌ನಿಂದ

ಇಸ್ತಾಂಬುಲ್,
ಮೂರನೆಯ ದಿನ, ರಾತ್ರಿ

ಪ್ರೀತಿಯ ಗೆಳೆಯಾ,

ನಿಮ್ಮೂರಿನ ಮಣ್ಣಿನಲ್ಲಿ ಸಿಕ್ಕ ಚಿನ್ನದ ನಾಣ್ಯಗಳ ಕಥೆಯನ್ನು ನೀನು ನನಗೆ ಮೊದಲ ಸಲ ಹೇಳಿದ್ದು ಹಾನಗಲ್ಲಿನ ತಾರಕೇಶ್ವರ ದೇವಸ್ಥಾನದಲ್ಲಿ, ಮಳೆ ಬಿಡಲೆಂದು ಕಾಯುತ್ತ ಕುಳಿತಿದ್ದಾಗ. ಕಾನ್‌ಸ್ಟಾಂಟಿನೋಪಲ್ ಎಂಬ ಈ ಊರಿನ ಹಳೆಯ ಹೆಸರನ್ನು ನನಗಾಗಿ ಎರಡೆರಡು ಬಾರಿ ಬಿಡಿಸಿ ಹೇಳಿದ್ದೆ. ಆ ಊರಿಗೆ ಬಂದು ಇವತ್ತಿಗೆ ಮೂರು ದಿನ. ಮನೆಗೆ ಫೋನು ಮಾಡಿದ್ದೇವೆ, ಮಗಳಿಗೆ ಚಿತ್ರಗಳನ್ನು ಕಳಿಸಿದ್ದೇವೆ. ಪತ್ರ ಬರೆಯಬೇಕೆನಿಸಿದ್ದು ಮಾತ್ರ ನಿನಗೆ.

ಬಂದ ದಿನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ವಿಮಾನದಲ್ಲಿ ನಿದ್ದೆಯಿಲ್ಲ, ನಿನ್ನ ಅತ್ತಿಗೆಗೆ ಮಂಡಿನೋವು, ಕೋಣೆ ಸೇರಿ ಮಲಗಿದೆವು. ಸಂಜೆ ಎದ್ದು ಹೊರಗೆ ಬಂದಾಗಲೇ ಊರು ನಮ್ಮ ಮೇಲೆ ಬಿದ್ದಂತಾಯಿತು. ಬೀದಿಯ ನಡುವೆ ಗಂಟೆ ಬಾರಿಸುತ್ತ ಸಾಗುವ ಟ್ರಾಮ್, ತಲೆಯ ಮೇಲೆ ಸಿಮಿತ್ ಎಂಬ ಎಳ್ಳು ಹಚ್ಚಿದ ಬಳೆಯಾಕಾರದ ರೊಟ್ಟಿಯ ತಟ್ಟೆ ಹೊತ್ತವರು, ಕೆಂಡದ ಮೇಲೆ ಚೆಸ್ಟ್‌ನಟ್ ಸುಡುವ ಗಾಡಿಗಳು, ಎಲ್ಲಿ ನೋಡಿದರೂ ನಿಶ್ಚಿಂತೆಯಿಂದ ಮಲಗಿದ ಬೆಕ್ಕುಗಳು. ಅವುಗಳನ್ನು ಓಡಿಸಿದವರನ್ನು ನಾನು ಇನ್ನೂ ಕಂಡಿಲ್ಲ. ಅಂಗಡಿಗಳ ಬಾಗಿಲಲ್ಲಿ ಅವುಗಳಿಗೆಂದೇ ನೀರಿನ ಬಟ್ಟಲು ಇಟ್ಟಿದ್ದಾರೆ. ಹೊತ್ತು ಮುಳುಗುವಾಗ ಒಂದು ಮಸೀದಿಯಿಂದ ಆಜಾನ್ ಎದ್ದಿತು. ಅದು ನಿಂತೊಡನೆ ಎದುರಿನ ಮಸೀದಿ ಮುಂದಿನ ಸಾಲನ್ನು ಎತ್ತಿಕೊಂಡಿತು. ಹೀಗೆ ಒಂದಾದ ಮೇಲೊಂದು. ಇವಳು ನನ್ನ ತೋಳು ಹಿಡಿದು ಮುಗಿಯುವವರೆಗೂ ಅಲ್ಲಾಡದೆ ನಿಂತಿದ್ದಳು.

ಎರಡನೆಯ ದಿನ ಬೆಳಿಗ್ಗೆಯೇ ಹಾಗಿಯಾ ಸೋಫಿಯಾ ಎಂಬ ಹಳೆಯ ಗುಮ್ಮಟದ ಕಟ್ಟಡಕ್ಕೆ ಹೋದೆವು. ಸಾಲು ಉದ್ದವಿತ್ತು. ನಿಂತಿದ್ದಷ್ಟು ಹೊತ್ತೂ ನಾನು ಗೋಲಗುಮ್ಮಟವನ್ನೇ ನೆನೆಯುತ್ತಿದ್ದೆ. ನಾವಿಬ್ಬರೂ ಅದರ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು ಒಬ್ಬರ ಹೆಸರನ್ನೊಬ್ಬರು ಕೂಗಿಕೊಂಡವರಲ್ಲವೇ? ಅಳತೆಯಲ್ಲಿ ನಮ್ಮದೇ ದೊಡ್ಡದು. ಇಲ್ಲಿನ ಗುಮ್ಮಟದ ಅಗಲ ಸುಮಾರು 31 ಮೀಟರ್. ಆದರೆ ಗೋಲಗುಮ್ಮಟ 17ನೇ ಶತಮಾನದ್ದು, ಇದು 537ರಲ್ಲಿ ಮುಗಿದದ್ದು! ಇಲ್ಲಿಂದ ಆಳಿದ ಪೂರ್ವ ರೋಮನ್ ಸಾಮ್ರಾಜ್ಯದ ಜಸ್ಟಿನಿಯನ್ ಚಕ್ರವರ್ತಿ ಆರೇ ವರ್ಷದೊಳಗೆ ಕಟ್ಟಿಸಿದನಂತೆ. ಇಪ್ಪತ್ತು ವರ್ಷ ಕಳೆಯುತ್ತಲೇ ಭೂಕಂಪಗಳಿಂದ ಸಡಿಲವಾದ ಗುಮ್ಮಟ 558ರಲ್ಲಿ ಕುಸಿಯಿತು. ಮತ್ತೆ ಇನ್ನಷ್ಟು ಎತ್ತರಿಸಿ ಕಟ್ಟಿದರು. ಗುಮ್ಮಟದ ಬುಡದಲ್ಲಿ ಸುತ್ತಲೂ 40 ಕಿಟಕಿಗಳಿವೆ. ಅವುಗಳಿಂದ ಬೆಳಕು ಒಳಗೆ ಬೀಳುವಾಗ ಗುಮ್ಮಟಕ್ಕೂ ಗೋಡೆಗೂ ಸಂಬಂಧವೇ ಇಲ್ಲವೆಂಬಂತೆ ಕಾಣುತ್ತದೆ. ಗೋಲಗುಮ್ಮಟದ ಭಾರ ನಮಗೆ ಗೊತ್ತಾಗುತ್ತದೆ, ಅದರ ಘನತೆಯೇ ಆ ಭಾರ. ಇಲ್ಲಿ ಅಷ್ಟು ಕಲ್ಲು ಇಟ್ಟಿಗೆ ಏನೂ ತೂಕವಿಲ್ಲದಂತೆ ತೇಲುತ್ತಿದೆ.

ಮೊದಲು ಚರ್ಚು, 1453ರಲ್ಲಿ ಮಸೀದಿ, ಕಳೆದ ಶತಮಾನದಲ್ಲಿ ವಸ್ತುಸಂಗ್ರಹಾಲಯ, 2020ರಿಂದ ಮತ್ತೆ ಮಸೀದಿ. ಪ್ರವಾಸಿಗರು ಮೇಲಿನ ಮೊಗಸಾಲೆಯಿಂದ ನೋಡಬೇಕು. ಅಲ್ಲಿ ಅಮೃತಶಿಲೆಯ ಕಟಾಂಜನದ ಮೇಲೆ ಉತ್ತರ ದೇಶದ ವೈಕಿಂಗ್ ಒಬ್ಬ ಸಾವಿರ ವರ್ಷಕ್ಕೂ ಹಿಂದೆ ತನ್ನ ಹೆಸರನ್ನು ಕೆತ್ತಿಹೋಗಿದ್ದಾನೆ, ಹಾಲ್ಫ್ದಾನ್ ಎಂದು. ಗೀರುಗಳು ಸವೆದಿವೆ. ಎಷ್ಟು ದೂರದಿಂದ ಬಂದವನೋ, ಪ್ರಾರ್ಥನೆ ಮುಗಿಯುವವರೆಗೆ ಬೇಸರ ಕಳೆಯಲು ಕೆತ್ತಿದನೋ ಎಂದು ಇವಳು ಅದರ ಮುಂದೆ ಬಹಳ ಹೊತ್ತು ನಿಂತಳು.

ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ಇದೇ ಜಾಗದಲ್ಲಿ ಇದಕ್ಕೂ ಮೊದಲು ಇನ್ನೊಂದು ಚರ್ಚಿತ್ತು. ಕುರಿಗಳ ಸಾಲನ್ನು ಕೆತ್ತಿದ ಅದರ ಅಮೃತಶಿಲೆಯ ತುಂಡುಗಳು ಪಶ್ಚಿಮದ ಅಂಗಳದಲ್ಲಿ ಈಗಲೂ ಇವೆ. 415ರಲ್ಲಿ ಅದನ್ನು ಕಟ್ಟಿಸಿದವನು ಎರಡನೆಯ ಥಿಯೊಡೋಸಿಯಸ್ ಚಕ್ರವರ್ತಿ. ಹೆಸರು ಓದಿದ ಕೂಡಲೇ ಮೈ ಜುಮ್ಮೆಂದಿತು. ನಿಮ್ಮೂರಿನ ನಾಣ್ಯಗಳ ಮೇಲಿನ ಮುಖ ಅವನದೇ ಅಲ್ಲವೇ! ಅವನಿಂದ ಹಿಡಿದು ಮೊದಲನೆಯ ಜಸ್ಟಿನ್‌ವರೆಗಿನ ಚಕ್ರವರ್ತಿಗಳ ನಾಣ್ಯಗಳು ಅಕ್ಕಿಆಲೂರಿನ ನಿಧಿಯಲ್ಲಿದ್ದವು ಎಂದು ನೀನೇ ಹೇಳಿದ್ದೆ. ಆ ಜಸ್ಟಿನ್ ಈ ಕಟ್ಟಡ ಕಟ್ಟಿಸಿದ ಜಸ್ಟಿನಿಯನ್‌ನ ಸೋದರಮಾವ. ಥಿಯೊಡೋಸಿಯಸ್ ತೀರಿಕೊಂಡದ್ದು 450ರಲ್ಲಿ. ನಮ್ಮ ಹಲ್ಮಿಡಿ ಶಾಸನಕ್ಕೆ ವಿದ್ವಾಂಸರು ಹೇಳುವ ಕಾಲವೂ ಅದರ ಆಸುಪಾಸೇ. ಅಲ್ಲಿ ಕಲ್ಲಿನ ಮೇಲೆ ಕನ್ನಡ ಮೂಡುತ್ತಿದ್ದಾಗ, ಬನವಾಸಿಯಲ್ಲಿ ಕದಂಬರು ಆಳುತ್ತಿದ್ದಾಗ, ಇಲ್ಲಿ ಅಚ್ಚಾದ ಹೊನ್ನು ನಮ್ಮ ಕಡೆಗೆ ಹೊರಟಿತ್ತು. ಇಷ್ಟು ವರ್ಷ ಇದು ನನಗೆ ಓದಿ ತಿಳಿದ ವಿಷಯವಾಗಿತ್ತು, ಈಗ ಕಣ್ಣ ಮುಂದಿನ ವಿಷಯವಾಯಿತು.

ಮಧ್ಯಾಹ್ನ ಅಲ್ಲೇ ಹತ್ತಿರದ ನೆಲದಡಿಯ ನೀರಿನ ಭಂಡಾರಕ್ಕೆ ಇಳಿದೆವು. ಅದೂ ಜಸ್ಟಿನಿಯನ್‌ನ ಕಾಲದ್ದೇ. 336 ಕಂಬಗಳು, ಒಂದೊಂದೂ 9 ಮೀಟರ್ ಎತ್ತರ. ಅನೇಕ ಕಂಬಗಳನ್ನು ಹಳೆಯ ಕಟ್ಟಡಗಳಿಂದ ತಂದು ನಿಲ್ಲಿಸಿದ್ದಾರೆ, ಆದ್ದರಿಂದ ಒಂದರಂತೆ ಇನ್ನೊಂದಿಲ್ಲ. ಎರಡು ಕಂಬಗಳ ಅಡಿಗೆ ಗ್ರೀಕ್ ಪುರಾಣದ ಹಾವುಗೂದಲಿನ ಮೆಡೂಸಾಳ ತಲೆಗಳಿವೆ, ಒಂದು ತಲೆಕೆಳಗಾಗಿ, ಇನ್ನೊಂದು ಮಗ್ಗುಲಾಗಿ. ಎಲ್ಲರೂ ಅವುಗಳ ಚಿತ್ರ ತೆಗೆಯುತ್ತಿದ್ದರು. ತೋಟಕ್ಕೆ ನೀರು ಸಾಲದೆ ಕಣ್ಣೀರು ಹಾಕಿದ ಬೇಸಿಗೆಗಳನ್ನು ಕಂಡವಳು ಇವಳು. ಅವಳಿಗೆ ಮೆಡೂಸಾ ಬೇಕಾಗಲಿಲ್ಲ. ಊರ ಹೊರಗಿನ ಕಾಡಿನಿಂದ ಕಾಲುವೆಯಲ್ಲಿ ತಂದ ನೀರಿಗೆ ದೇವಸ್ಥಾನದಂಥ ಮನೆ ಕಟ್ಟಿದವರಿಗೆ ಕೈ ಮುಗಿಯಬೇಕು ಎಂದಳು. ಮುಗಿದಳು ಕೂಡ.

ಊಟದ ಬಗ್ಗೆ ನೀನು ಹೊರಡುವಾಗಲೇ ಚಿಂತೆ ಮಾಡಿದ್ದೆ. ಚಿಂತೆ ಬೇಡ. ಕೆಂಪು ತೊಗರಿಯಂಥ ಬೇಳೆಯ ಸಾರು ಎಲ್ಲ ಕಡೆ ಸಿಗುತ್ತದೆ, ಮೇಲೆ ನಿಂಬೆ ಹಿಂಡಿಕೊಳ್ಳುವುದು. ಮಾಂಸದ ನೀರು ಹಾಕಿಲ್ಲವೇ ಎಂದು ಮೊದಲೇ ಕೇಳಿಕೊಳ್ಳಬೇಕು, ಅಷ್ಟೇ. ಆಯ್ರಾನ್ ಎಂದು ಕೊಡುವುದು ನಮ್ಮ ಉಪ್ಪು ಹಾಕಿದ ಮಜ್ಜಿಗೆ. ಬೆಳಗಿನ ತಿಂಡಿಗೆ ಟೊಮೆಟೊ, ಸೌತೆ, ಗಿಣ್ಣು, ಜೇನುತುಪ್ಪ. ಆಲಿವ್ ಕಾಯಿ ಮಾತ್ರ ನನ್ನ ಗಂಟಲಿಗೆ ಇನ್ನೂ ಒಗ್ಗಿಲ್ಲ. ಭಾಷೆ ಬಾರದಿದ್ದರೂ ಕಿವಿಗೆ ಪರಿಚಿತ ಶಬ್ದಗಳು ಬೀಳುತ್ತಲೇ ಇರುತ್ತವೆ: ಚಾಯ್, ಸಾಬುನ್, ದುಕ್ಕಾನ್, ಹೆಸಾಪ್. ನಮ್ಮ ಸಾಬೂನು, ದುಕಾನು, ಹಿಸಾಬು. ಪಾರಸಿ ಅರಬ್ಬಿ ಮಾತುಗಳು ಆ ಕಡೆಗೂ ಈ ಕಡೆಗೂ ನಡೆದುಹೋಗಿವೆ.

ಇನ್ನು ಇವತ್ತಿನ ದಿನ. ಇದಕ್ಕಾಗಿಯೇ ಪತ್ರ ಬರೆಯಲು ಕುಳಿತೆ.

ಎಮಿನೊನು ಎಂಬಲ್ಲಿ ಸೇತುವೆಯ ಹತ್ತಿರ ಸಾಂಬಾರ ಪದಾರ್ಥಗಳ ಪೇಟೆಯಿದೆ. ಮಿಸಿರ್ ಚಾರ್ಶಿಸಿ, ಅಂದರೆ ಈಜಿಪ್ಟಿನ ಪೇಟೆ. 1660ರ ದಶಕದಲ್ಲಿ ಪಕ್ಕದ ಮಸೀದಿಯ ಖರ್ಚಿಗೆಂದು ಕಟ್ಟಿದ್ದು. ಹೊಕ್ಕ ಕೂಡಲೇ ಇವಳ ನಡಿಗೆ ಬದಲಾಯಿತು. ಎರಡು ದಿನ ನಾನು ಮುಂದೆ, ಅವಳು ಹಿಂದೆ. ಇಲ್ಲಿ ಅವಳೇ ಮುಂದೆ. ಮಂಡಿನೋವು ಎಲ್ಲಿ ಹೋಯಿತೋ! ಏಲಕ್ಕಿ, ದಾಲ್ಚಿನ್ನಿ, ಲವಂಗ, ಅರಿಸಿನ, ಎಲ್ಲವನ್ನೂ ಗೋಪುರದಂತೆ ಪೇರಿಸಿಟ್ಟಿದ್ದರು. ಒಂದು ಕಡೆ ಕೊಬ್ಬರಿ ತುರಿ. ಅದಕ್ಕೆ ಇವರ ಮಾತಿನಲ್ಲಿ ಹೆಸರೇನು ಗೊತ್ತೇ? ‘ಹಿಂದಿಸ್ತಾನ್ ಜೆವಿಜಿ’, ಹಿಂದೂಸ್ತಾನದ ಅಕ್ರೋಟು!

ಕಾಳುಮೆಣಸಿನ ಮುಂದೆ ನಿಂತಳು. ಅದರ ಹೆಸರು ಕರಬಿಬೆರ್. ‘ಕರ’ ಎಂದರೆ ತುರ್ಕಿಯಲ್ಲೂ ಕಪ್ಪು. ನಮ್ಮ ‘ಕರಿ’ಗೂ ಅದಕ್ಕೂ ನಂಟಿಲ್ಲ, ಕೇಳಲು ಮಾತ್ರ ಒಂದೇ. ‘ಬಿಬೆರ್’ ಹಾಗಲ್ಲ. ಅದು ಗ್ರೀಕರಿಂದ ಬಂದದ್ದು, ಗ್ರೀಕರಿಗೆ ನಮ್ಮ ಪಿಪ್ಪಲಿಯಿಂದ. ನಮ್ಮ ಹಿತ್ತಿಲ ಹಿಪ್ಪಲಿಯ ಹೆಸರು ಇಲ್ಲಿನ ಅಂಗಡಿಯವನ ಬಾಯಲ್ಲಿದೆ. ಇವಳು ನಾಲ್ಕು ಕಾಳು ಕೇಳಿ ಅಂಗೈಯಲ್ಲಿ ಉರುಳಿಸಿದಳು, ಜೊಳ್ಳು ಇದೆಯೇ ಎಂದು ಊದಿ ನೋಡಿದಳು, ಒಂದನ್ನು ಹಲ್ಲಿನಲ್ಲಿ ಒಡೆದಳು. “ಖಾರ ಇದೆ, ಘಮ ಇಲ್ಲ. ಇದು ನಮ್ಮ ಘಟ್ಟದ್ದಲ್ಲ” ಎಂದಳು. ನಾವು ಶಿರಸಿಯ ಕಡೆಯವರು, ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವವರು ಎಂದು ಅಂಗಡಿಯವನಿಗೆ ಹೇಗೆ ಹೇಳುವುದು? ಮೊಬೈಲಿನಲ್ಲಿ ನಮ್ಮ ತೋಟದ ಚಿತ್ರ ತೋರಿಸಿದೆ. ಅವನು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ ಹಸಿರು ಗೊಂಚಲನ್ನು ನೋಡಿದ, ಪಕ್ಕದ ಅಂಗಡಿಯವನನ್ನೂ ಕರೆದು ತೋರಿಸಿದ. ದಿನವೂ ಮೆಣಸು ಮಾರುವವರು ಬಳ್ಳಿಯನ್ನು ಕಂಡಿರಲಿಲ್ಲ. ಸಣ್ಣ ನಡುವಿನ ಗಾಜಿನ ಲೋಟದಲ್ಲಿ ಚಹಾ ಬಂತು. ಹಣ ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಹಡಗು ಹತ್ತಿ ಕಾದಿಕೊಯ್‌ಗೆ ಹೋದೆವು. ಯುರೋಪಿನಲ್ಲಿ ಹತ್ತಿ ಏಷ್ಯಾದಲ್ಲಿ ಇಳಿಯುವುದು, ಅರ್ಧ ಗಂಟೆಯೂ ಬೇಡ. ಕಡಲಕ್ಕಿಗಳು ಜೊತೆಗೇ ಹಾರಿ ಬಂದವು. ಇವಳು ಸಿಮಿತ್ ಮುರಿದು ಎಸೆದಳು. ಹಿಂದೆ ತಿರುಗಿ ನೋಡಿದರೆ ಗುಮ್ಮಟಗಳೂ ಮಿನಾರುಗಳೂ ಬೂದು ಬಣ್ಣಕ್ಕೆ ತಿರುಗುತ್ತಿದ್ದವು. ಆಗ ನಿನ್ನನ್ನು ಬಹಳ ನೆನೆದೆ. ನಿಮ್ಮೂರಿಗೆ ಆ ಹೊನ್ನು ಯಾವ ಸರಕಿನ ಬೆಲೆಯಾಗಿ ಬಂತು ಎಂದು ನೀನು ನನ್ನನ್ನು ಎಷ್ಟು ಸಲ ಕೇಳಿದ್ದೀಯೆ. ನನ್ನ ಮನಸ್ಸು ಮೆಣಸಿನ ಕಡೆಗೇ ವಾಲುತ್ತದೆ. ಘಟ್ಟದ ಬಳ್ಳಿಯಿಂದ ಬಂದರಿಗೆ, ಬಂದರಿನಿಂದ ಕೆಂಪು ಸಮುದ್ರಕ್ಕೆ, ಈಜಿಪ್ಟಿನಿಂದ ಇಲ್ಲಿಗೆ. ನನ್ನ ಅಜ್ಜನ ಅಜ್ಜನಿಗೂ ಹೆಸರು ಗೊತ್ತಿಲ್ಲದ ಯಾರೋ ಒಬ್ಬ ಬೆಳೆಗಾರ ಅಂಗಳದಲ್ಲಿ ಒಣಗಿಸಿದ ಕಾಳು ಈ ನೀರನ್ನು ಕಂಡಿರಬೇಕು.

ನಾಳೆ ಥಿಯೊಡೋಸಿಯಸ್‌ನ ಕೋಟೆಗೋಡೆಗೆ ಹೋಗುತ್ತೇವೆ. ಭೂಮಿಯ ಕಡೆಯಿಂದ ಊರನ್ನು ಕಾಯಲು ಸುಮಾರು 6 ಕಿಲೋಮೀಟರ್ ಉದ್ದ, 413ರ ಹೊತ್ತಿಗೆ ಕಟ್ಟಿದ್ದು. ಅದರ ಕಂದಕದಲ್ಲಿ ಈಗಲೂ ಸೊಪ್ಪು ತರಕಾರಿ ಬೆಳೆಯುವ ತೋಟಗಳಿವೆಯಂತೆ. ಅದನ್ನು ಕೇಳಿದಂದಿನಿಂದ ಇವಳಿಗೆ ಅರಮನೆಗಿಂತ ಅದನ್ನೇ ಮೊದಲು ನೋಡಬೇಕು. ಕಷಾಯಕ್ಕೆಂದು ಮನೆಯಿಂದ ತಂದ ಮೆಣಸಿನ ಪೊಟ್ಟಣವನ್ನು ಈಗಲೇ ಕೈಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಗೋಡೆಯ ಬುಡದಲ್ಲಿ ನಾಲ್ಕು ಕಾಳು ಇಟ್ಟು ಬರಬೇಕಂತೆ, ನಿನ್ನ ಹೆಸರಿನಲ್ಲೂ ಎರಡು.

ನಿನ್ನ,
ಶಿರಸಿಯ ಗೆಳೆಯ