ಪಂಚಾಯಿತಿ ಗ್ರಂಥಾಲಯದಲ್ಲಿ ಶಾಸನ ಸಂಪುಟ ಇರಲಿ

ಮಾನ್ಯರೇ,

ಗುರುವಿಲ್ಲದೆ ಏನಾದರೂ ಕಲಿಯಲು ಹೊರಟವರು ನಡುವೆ ಕೈಬಿಟ್ಟರೆ ಸೋಮಾರಿ ಎಂದು ಬೈಯುವವರೇ ಹೆಚ್ಚು. ಹಳ್ಳಿಯ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿರುವ ನಾನು ಕಲ್ಲಿನ ಮೇಲೆ ಕೆತ್ತಿದ ಹಳೆಯ ಶಾಸನ ಓದುವುದನ್ನು ಸ್ವಂತವಾಗಿ ಕಲಿಯುತ್ತಿದ್ದೇನೆ. ಸಾಮಗ್ರಿ ಅತಿಯಾದಾಗಲೇ ಗಮನ ಚದುರುತ್ತದೆ ಎನ್ನುವುದು ನನ್ನ ಅನುಭವ.

ಫೋನಿನಲ್ಲಿ ಕದಂಬ, ಗಂಗ, ಹೊಯ್ಸಳ ಎಂದು ಅಕ್ಷರಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಎಲ್ಲದಕ್ಕೂ ಕೈಹಾಕಿದರೆ ಒಂದೂ ಹತ್ತುವುದಿಲ್ಲ. ನಾನು ಹೊಯ್ಸಳರ ಕಾಲವನ್ನಷ್ಟೇ ಹಿಡಿದೆ, ಅದರಲ್ಲೂ ನಮ್ಮೂರ ಈಶ್ವರನ ಗುಡಿ ಮುಂದಿನ ಒಂದು ವೀರಗಲ್ಲನ್ನು. ಬೆಳಗಿನ ಹಾಲಿನ ಲೆಕ್ಕ ಮುಗಿದರೆ ಸಂಜೆ ಹಾಲು ಬರುವವರೆಗೆ ಬಿಡುವು. ಫೋನನ್ನು ಡೇರಿಯಲ್ಲೇ ಬಿಟ್ಟು, ನೋಟ್‌ಬುಕ್ ಹಿಡಿದು ಹೋಗುತ್ತೇನೆ. ಬಿಸಿಲು ಓರೆಯಾದಾಗ ಸವೆದ ಗೀರೂ ಎದ್ದು ಕಾಣುತ್ತದೆ. ಒಂದು ಸಲಕ್ಕೆ ಒಂದೇ ಸಾಲು. ಕಂಡದ್ದನ್ನು ಕಂಡ ಹಾಗೆ ಬರೆದುಕೊಳ್ಳುತ್ತೇನೆ, ಊಹಿಸಿ ತುಂಬುವುದಿಲ್ಲ. ಪದಗಳ ನಡುವೆ ಜಾಗವಿಲ್ಲ. ಎ-ಏ, ಒ-ಓಗಳಿಗೆ ಬೇರೆ ಗುರುತಿಲ್ಲ. ದ, ಧ ಒಂದೇ ತರಹ ಕಾಣುತ್ತವೆ. 'ಸ್ವಸ್ತಿ ಶ್ರೀ' ಬೇಗ ಓದಿಸಿಕೊಂಡಿತು. ಮುಂದೆ ಹಳೆಯ ಱಕಾರದ ಗುರುತು ಹತ್ತಿ 'ತುಱು' (ಅಂದರೆ ದನ) ಎಂದು ಬಿಡಿಸಿದ ದಿನ, ಇದು ದನ ಬಿಡಿಸಿಕೊಳ್ಳಲು ಹೋಗಿ ಸತ್ತವನ ಕಲ್ಲು ಎಂದು ತಿಳಿಯಿತು. ಚಿಕ್ಕಂದಿನಿಂದ ಅದರ ಮುಂದೆಯೇ ದನ ಹೊಡೆದುಕೊಂಡು ಓಡಾಡಿದವನು ನಾನು. ಮೈ ಜುಮ್ಮೆಂದಿತು.

ಓದು ಸರಿಯೇ ಎಂದು ನೋಡಿಕೊಳ್ಳಲು ಶಾಸನಗಳ ಪಾಠ ಅಚ್ಚಾಗಿರುವ ಸಂಪುಟಮಾಲೆ 'ಎಪಿಗ್ರಾಫಿಯಾ ಕರ್ನಾಟಿಕಾ' ಬೇಕು. ಶಾಸನತಜ್ಞ ಬಿ.ಎಲ್. ರೈಸ್ ಅವರ ಹಾಸನ ಜಿಲ್ಲೆಯ ಸಂಪುಟ 1902ರಲ್ಲೇ ಬಂದಿದೆ; ಪರಿಷ್ಕೃತ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯ ಹೊರತಂದಿದೆ. ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿದೆ, ನಿಜ. ಆದರೆ ಅದಕ್ಕಾಗಿ ಫೋನ್ ತೆಗೆದರೆ ಡೇರಿ ಗ್ರೂಪಿನ ಮೆಸೇಜು, ಅಲ್ಲಿಂದ ಇನ್ನೆಲ್ಲಿಗೋ. ತಾಳೆ ನೋಡುವ ಹೊತ್ತೇ ಕಲಿಕೆಯ ಮುಖ್ಯ ಹೊತ್ತು. ಪುಸ್ತಕ ಒಂದು ಪಕ್ಕ, ನನ್ನ ಬರಹ ಒಂದು ಪಕ್ಕ ಇಟ್ಟುಕೊಂಡು ಸಾಲಿಗೆ ಸಾಲು ನೋಡಬೇಕು. ತಪ್ಪಿದ ಅಕ್ಷರ ಮನಸ್ಸಿನಲ್ಲಿ ನಿಲ್ಲುವುದು ಆಗಲೇ.

ಆದ್ದರಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಆಯಾ ತಾಲ್ಲೂಕಿನ ಶಾಸನ ಸಂಪುಟದ ಒಂದೊಂದು ಪ್ರತಿ ಕೊಡಬೇಕೆಂದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯನ್ನು ಕೋರುತ್ತೇನೆ. ಪೂರ್ತಿ ಸಂಪುಟ ಆಗದಿದ್ದರೆ ಆ ಪಂಚಾಯಿತಿಯ ಊರುಗಳ ಶಾಸನಪಾಠದ ಪುಟಗಳನ್ನಾದರೂ ಜೆರಾಕ್ಸ್ ಮಾಡಿಸಿ ಇಡಲಿ. ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿರುವುದರಿಂದ ಹುಡುಕುವುದು ಕಷ್ಟವಾಗದು.

– ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ಹಾಸನ ಜಿಲ್ಲೆ